ಪರದೆಯ ಮೇಲಿನ ಲಾಗ, ರಸ್ತೆಯ ಮೇಲಿನ ವ್ಹೀಲಿಂಗ್: ಬೈಕ್ ಸಾಹಸದ ಮೊಬೈಲ್ ಆಟಗಳ ಒಳಹೊರಗು

ಬಣ್ಣವಿಲ್ಲ, ಶತ್ರುಗಳಿಲ್ಲ, ಕಥೆಯಂತೂ ಮೊದಲೇ ಇಲ್ಲ. ಬಿಳಿಯ ಪರದೆಯ ಮೇಲೆ ಏರಿಳಿಯುವ ಒಂದು ಗೆರೆ, ಆ ಗೆರೆಯ ಮೇಲೆ ಎರಡು ಚಕ್ರದ ಒಂದು ಬೈಕು, ಅದರ ಮೇಲೆ ಹೆಲ್ಮೆಟ್ ಧರಿಸಿದ ಒಬ್ಬ ಸವಾರ. ಬಾವುಟದಿಂದ ಹೊರಟು ಇನ್ನೊಂದು ಬಾವುಟ ಮುಟ್ಟಿದರೆ ಆಟ ಮುಗಿಯಿತು. 2004ರಲ್ಲಿ ಸ್ವೀಡನ್ನಿನ ಕೋಡ್‌ಬ್ರೂ ಎಂಬ ಪುಟ್ಟ ಸಂಸ್ಥೆ ಹೊರತಂದ 'ಗ್ರಾವಿಟಿ ಡಿಫೈಡ್' ಎಂಬ ಈ ಆಟವನ್ನು ಕೀಪ್ಯಾಡ್ ಮೊಬೈಲ್‌ಗಳ ಕಾಲದಲ್ಲಿ ಕಂಡವರು ಸುಲಭವಾಗಿ ಮರೆಯಲಾರರು. ನೋಡುವುದಕ್ಕೆ ಮಕ್ಕಳಾಟ, ಆಡಲು ಕುಳಿತರೆ ಮೊದಲ ದಿಬ್ಬದಲ್ಲೇ ಬೈಕು ಹಿಂದಕ್ಕೆ ಮಗುಚಿ ಸವಾರನ ತಲೆ ನೆಲಕ್ಕೆ ಬಡಿಯುತ್ತಿತ್ತು.

ಭೌತಶಾಸ್ತ್ರದ ನಿಯಮಗಳನ್ನೇ ಆಧರಿಸಿದ, ಸಾಹಸ ಪ್ರದರ್ಶನವನ್ನೇ ವಸ್ತುವಾಗಿಸಿಕೊಂಡ ಮೊಬೈಲ್ ಆಟಗಳ ಒಂದು ದೊಡ್ಡ ಬಳಗವೇ ಇಂದು ಇದೆ. ಬೈಕನ್ನು ಗಾಳಿಯಲ್ಲಿ ತಿರುಗಿಸುವುದು, ಬಂಡೆಯ ಮೇಲಿಂದ ನೀರಿಗೆ ಲಾಗ ಹಾಕುವುದು, ಗೋಡೆಯಿಂದ ಗೋಡೆಗೆ ಜಿಗಿಯುವುದು ಇವುಗಳ ಸಾಮಾನ್ಯ ವಿಷಯ. ಹಣ ಪಣಕ್ಕಿಡುವ ಆಟಗಳಲ್ಲವಾದ್ದರಿಂದ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ನಿಷೇಧ ಇವುಗಳಿಗೆ ತಟ್ಟುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ಇವುಗಳಲ್ಲಿ ಹಲವಕ್ಕೆ ಇಂಟರ್‌ನೆಟ್ ಸಂಪರ್ಕವೂ ಬೇಕಿಲ್ಲ. ಹೀಗಾಗಿ ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಆಡುವ ಆಟವನ್ನೇ ಕೊಪ್ಪಳ ಜಿಲ್ಲೆ ಕನಕಗಿರಿ ತಾಲ್ಲೂಕಿನ ಹುಲಿಹೈದರದ ಹುಡುಗನೂ ಆಡಬಲ್ಲ.

ಹಂಗೇರಿಯ ಸೇಬು, ಫಿನ್‌ಲೆಂಡಿನ ದಿಮ್ಮಿ

ಈ ಬಳಗದ ಮೂಲಪುರುಷ ಹಂಗೇರಿಯಲ್ಲಿದ್ದಾನೆ. ಬಾಲಾಜ್ ರೋಜಾ ಎಂಬ ಪ್ರೋಗ್ರಾಮರ್ 2000ದಲ್ಲಿ ಕಂಪ್ಯೂಟರಿಗಾಗಿ ರೂಪಿಸಿದ 'ಎಲಾಸ್ಟೊ ಮೇನಿಯಾ' ಆಟದಲ್ಲಿ ಬೈಕ್ ಸವಾರ ಸೇಬುಗಳನ್ನು ಆಯ್ದುಕೊಂಡು ಕೊನೆಗೆ ಹೂವೊಂದನ್ನು ಮುಟ್ಟಬೇಕು. ತಲೆ ನೆಲಕ್ಕೆ ತಾಗಿದರೆ ಸಾವು. ಹೆಸರೇ ಸೂಚಿಸುವಂತೆ ಬೈಕಿನ ಚಕ್ರಗಳು ರಬ್ಬರಿನಂತೆ ಎಳೆದು ಬಿಡುತ್ತಿದ್ದವು. ಅದೇ ವರ್ಷ ಫಿನ್‌ಲೆಂಡಿನ ಹೆಲ್ಸಿಂಕಿಯ ರೆಡ್‌ಲಿಂಕ್ಸ್ ಸಂಸ್ಥೆ ಮರದ ದಿಮ್ಮಿ, ಪೀಪಾಯಿಗಳ ಮೇಲೆ ಬೈಕು ಹತ್ತಿಸುವ 'ಟ್ರಯಲ್ಸ್' ಆಟವನ್ನು ಹೊರತಂದಿತು. 2011ರಲ್ಲಿ ಈ ಸಂಸ್ಥೆಯನ್ನು ಫ್ರಾನ್ಸಿನ ಯೂಬಿಸಾಫ್ಟ್ ಕೊಂಡುಕೊಂಡಿತು. ಆಟದ ಮೊಬೈಲ್ ರೂಪ 'ಟ್ರಯಲ್ಸ್ ಫ್ರಾಂಟಿಯರ್' 2014ರಲ್ಲಿ ಬಂದಿತು.

ಇವೆರಡರ ನಡುವಣ ಕೊಂಡಿಯೇ ಗ್ರಾವಿಟಿ ಡಿಫೈಡ್. ಇಂದಿನ ಒಂದು ಫೋಟೊಗಿಂತ ಎಷ್ಟೋ ಪಟ್ಟು ಚಿಕ್ಕದಾದ ಕಡತ ಅದು. ಊರಿನ ಮೊಬೈಲ್ ಅಂಗಡಿಯವರು ಹಾಡುಗಳ ಜೊತೆಗೆ ಇಂಥ ಆಟಗಳನ್ನೂ ಮೆಮೊರಿ ಕಾರ್ಡಿಗೆ ತುಂಬಿ ಕೊಡುತ್ತಿದ್ದ ದಿನಗಳವು. ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಬ್ಲೂಟೂತ್ ಮೂಲಕ ದಾಟಿಸುವುದಕ್ಕೆ ನಿಮಿಷವೂ ಹಿಡಿಯುತ್ತಿರಲಿಲ್ಲ. ಆಡಲು ನಾಲ್ಕೇ ಗುಂಡಿ: ವೇಗ ಹೆಚ್ಚಿಸಲು ಒಂದು, ಬ್ರೇಕಿಗೆ ಒಂದು, ಸವಾರ ಮುಂದಕ್ಕೆ ಬಾಗಲು ಒಂದು, ಹಿಂದಕ್ಕೆ ವಾಲಲು ಒಂದು.

ನಾಲ್ಕು ಗುಂಡಿಯ ಹಿಂದಿನ ಲೆಕ್ಕ

ಈ ಆಟಗಳು ಏಕೆ ಇಷ್ಟು ಕಷ್ಟ ಎಂಬ ಪ್ರಶ್ನೆಗೆ ಉತ್ತರ ಅವುಗಳ ರಚನೆಯಲ್ಲೇ ಇದೆ. ಸಾಮಾನ್ಯ ಆಟಗಳಲ್ಲಿ ಗುಂಡಿ ಒತ್ತಿದರೆ ಪಾತ್ರವು ಮೊದಲೇ ಬರೆದಿಟ್ಟ ಚಿತ್ರದಂತೆ ಜಿಗಿಯುತ್ತದೆ. ಎಷ್ಟು ಬಾರಿ ಒತ್ತಿದರೂ ಅದೇ ಜಿಗಿತ. ಭೌತಶಾಸ್ತ್ರಾಧಾರಿತ ಆಟದಲ್ಲಿ ಹಾಗೆ ಬರೆದಿಟ್ಟ ಜಿಗಿತವೇ ಇರುವುದಿಲ್ಲ. ಎರಡು ಚಕ್ರ, ಚೌಕಟ್ಟು, ಸವಾರನ ದೇಹ ಇವೆಲ್ಲವನ್ನೂ ತೂಕವುಳ್ಳ ಕೆಲವು ಬಿಂದುಗಳಾಗಿ ಭಾವಿಸಿ, ಅವುಗಳನ್ನು ಕಾಣದ ಸ್ಪ್ರಿಂಗುಗಳಿಂದ ಜೋಡಿಸಲಾಗುತ್ತದೆ. ಗುರುತ್ವ, ಘರ್ಷಣೆ, ಎಂಜಿನಿನ ಎಳೆತ ಇವುಗಳ ಪರಿಣಾಮವನ್ನು ಸೆಕೆಂಡಿಗೆ ಹತ್ತಾರು ಬಾರಿ ಲೆಕ್ಕ ಹಾಕಿ, ಬಂದ ಉತ್ತರವನ್ನು ಪರದೆಯ ಮೇಲೆ ತೋರಿಸಲಾಗುತ್ತದೆ. ಇಂತಹ ಲೆಕ್ಕಕ್ಕೆಂದೇ ಎರಿನ್ ಕ್ಯಾಟೊ ಎಂಬುವವರು ರೂಪಿಸಿ ಮುಕ್ತವಾಗಿ ಹಂಚಿದ 'ಬಾಕ್ಸ್2ಡಿ' ಎಂಬ ತಂತ್ರಾಂಶ ಬಂದ ಮೇಲೆ ಮೊಬೈಲ್ ಆಟಗಳಲ್ಲಿ ಈ ಪ್ರಕಾರಕ್ಕೆ ಸುಗ್ಗಿಯೇ ಬಂದಿತು. 2009ರ 'ಆಂಗ್ರಿ ಬರ್ಡ್ಸ್' ಕೂಡ ಅದನ್ನೇ ಬಳಸಿಕೊಂಡಿತ್ತು.

ಹಾಗಾಗಿ ಆಟಗಾರನು ಬೈಕನ್ನು ನೇರವಾಗಿ ನಡೆಸುವುದಿಲ್ಲ. ಅವನು ನೀಡುವುದು ಬಲವನ್ನು ಮಾತ್ರ. ಅದರಿಂದ ಏನಾಗಬೇಕೆಂಬುದನ್ನು ನ್ಯೂಟನ್ನನ ನಿಯಮಗಳು ನಿರ್ಧರಿಸುತ್ತವೆ. ಗುಂಡಿಯನ್ನು ಕ್ಷಣದ ಒಂದು ಪಾಲು ಹೆಚ್ಚು ಹೊತ್ತು ಒತ್ತಿದರೆ ದಿಬ್ಬದ ತುದಿಯಲ್ಲಿ ಬೈಕಿನ ಕೋನ ತುಸು ಬದಲಾಗುತ್ತದೆ. ಗಾಳಿಯಲ್ಲಿ ಆ ತುಸುವೇ ದೊಡ್ಡದಾಗಿ, ನೆಲ ಮುಟ್ಟುವ ಹೊತ್ತಿಗೆ ಚಕ್ರ ಇರಬೇಕಾದಲ್ಲಿ ತಲೆ ಇರುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ನೆಲ ಬಿಟ್ಟ ಮೇಲಿನದು. ಗಾಳಿಯಲ್ಲಿ ಬೈಕಿಗೆ ಒರಗಿಕೊಳ್ಳಲು ಏನೂ ಇಲ್ಲ. ಹಾಗಿದ್ದರೂ ಆಕ್ಸಿಲರೇಟರ್ ತಿರುವಿದರೆ ಬೈಕಿನ ಮೂತಿ ಮೇಲಕ್ಕೇಳುತ್ತದೆ, ಬ್ರೇಕ್ ಹಿಡಿದರೆ ಕೆಳಕ್ಕಿಳಿಯುತ್ತದೆ. ಇದು ಆಟದ ಕಲ್ಪನೆಯಲ್ಲ, ಮೋಟೊಕ್ರಾಸ್ ಸವಾರರು ನಿಜವಾಗಿಯೂ ಬಳಸುವ ಉಪಾಯ. ಹೊರಗಿನ ತಿರುಗುಬಲವಿಲ್ಲದಿದ್ದಾಗ ಒಟ್ಟು ಕೋನೀಯ ಸಂವೇಗ ಬದಲಾಗಲಾರದು ಎಂಬುದು ನಿಯಮ. ಹಿಂದಿನ ಚಕ್ರ ಮುಂದಕ್ಕೆ ಜೋರಾಗಿ ಸುತ್ತತೊಡಗಿದರೆ ಲೆಕ್ಕ ಸರಿದೂಗಿಸಲು ಬೈಕಿನ ಒಡಲು ಹಿಂದಕ್ಕೆ ತಿರುಗಲೇಬೇಕು. ಸುತ್ತುವ ಚಕ್ರವನ್ನು ಬ್ರೇಕ್ ತಡೆದರೆ ಆ ಸುತ್ತು ಒಡಲಿಗೆ ವರ್ಗವಾಗಿ ಮೂತಿ ಬಾಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರು ಹೊಡೆಯುವ ನಿಯಮವನ್ನು ಹೈಸ್ಕೂಲಿನ ಹುಡುಗರು ಹೆಬ್ಬೆರಳಿನಲ್ಲಿ ಕಲಿತಿರುತ್ತಾರೆ ಎಂದರೆ ಅತಿಶಯೋಕ್ತಿಯಲ್ಲ.

ಬೈಕಿಲ್ಲದ ಲಾಗದ ಆಟಗಳಲ್ಲೂ ಇದೇ ನಿಯಮದ ಇನ್ನೊಂದು ಮುಖವಿದೆ. 2016ರಲ್ಲಿ ಮಿನಿಕ್ಲಿಪ್ ಪ್ರಕಟಿಸಿದ 'ಫ್ಲಿಪ್ ಡೈವಿಂಗ್' ಆಟದಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಆಟದ ಮನುಷ್ಯ ಮೈ ಮುದುಡಿಕೊಂಡು ಬೇಗ ಸುತ್ತುತ್ತಾನೆ. ಬಿಟ್ಟರೆ ಮೈ ಚಾಚಿ ನಿಧಾನವಾಗುತ್ತಾನೆ. ಮನುಷ್ಯದೇಹ ಮುದುಡಿದಾಗ ತಿರುಗುವಿಕೆಗೆ ಒಡ್ಡುವ ಜಡತ್ವ ಚಾಚಿದಾಗಿನದಕ್ಕಿಂತ ಸುಮಾರು ಮೂರು ನಾಲ್ಕು ಪಟ್ಟು ಕಡಿಮೆಯಾಗುವುದೇ ಇದಕ್ಕೆ ಕಾರಣ. 10 ಮೀಟರ್ ಎತ್ತರದಿಂದ ಬೀಳುವವನಿಗೆ ಸಿಗುವುದು ಸುಮಾರು 1.4 ಸೆಕೆಂಡ್ ಮಾತ್ರ. ನೀರು ಮುಟ್ಟುವಾಗಿನ ವೇಗ ಗಂಟೆಗೆ 50 ಕಿ.ಮೀ. ಅಷ್ಟರಲ್ಲಿ ಯಾವಾಗ ಮುದುಡಬೇಕು, ಯಾವಾಗ ಬಿಚ್ಚಿಕೊಳ್ಳಬೇಕು ಎಂಬುದೇ ಇಡೀ ಆಟ. ಊರೂರು ತಿರುಗಿ ಆಟ ಕಟ್ಟುತ್ತಿದ್ದ ದೊಂಬರ ಮಕ್ಕಳು ಡೋಲಿನ ಸದ್ದಿಗೆ ಲಾಗ ಹಾಕುವಾಗ ಮೊಣಕಾಲನ್ನು ಎದೆಗೆ ಅವಚಿಕೊಳ್ಳುತ್ತಿದ್ದುದೂ ಇದೇ ಲೆಕ್ಕದಿಂದ. ಅವರಿಗೆ ಅದನ್ನು ಯಾರೂ ಸೂತ್ರದಲ್ಲಿ ಹೇಳಿಕೊಟ್ಟಿರಲಿಲ್ಲ.

ಬಿದ್ದಷ್ಟೂ ಏಳಿಸುವ ಗುಂಡಿ

ನೂರು ಬಾರಿ ಬೀಳಿಸುವ ಆಟವನ್ನು ಜನ ಸಿಟ್ಟಿನಿಂದ ಬದಿಗೆಸೆಯದೆ ಮತ್ತೆ ಮತ್ತೆ ಆಡುವುದೇಕೆ? ಇದಕ್ಕೆ ಮುಖ್ಯ ಕಾರಣ, ಬಿದ್ದ ಮರುಕ್ಷಣವೇ ಮತ್ತೆ ಆರಂಭಿಸಬಹುದಾದ ಸೌಲಭ್ಯ. ಬೈಕು ಮಗುಚಿತು, ಸವಾರ ಬಿದ್ದ, ಒಂದು ಗುಂಡಿ ಒತ್ತಿದರೆ ಅವನು ಮತ್ತೆ ಬಾವುಟದ ಬಳಿ ನಿಂತಿರುತ್ತಾನೆ. ಮೈ ನೋವಿಲ್ಲ, ಬೈಕು ಡೊಂಕಾಗಿಲ್ಲ, ಕಳೆದುಕೊಂಡದ್ದು ಕೆಲವು ಸೆಕೆಂಡ್ ಅಷ್ಟೆ. ಅಲ್ಲದೆ ಯಂತ್ರದ ಲೆಕ್ಕ ಪಕ್ಷಪಾತವಿಲ್ಲದ್ದು. ತಪ್ಪು ತನ್ನದೇ ಎಂಬುದು ಆಟಗಾರನಿಗೆ ಗೊತ್ತು. ಮುಂದಿನ ಬಾರಿ ಸರಿಯಾದೀತು ಎಂಬ ಆಸೆ ಅಲ್ಲಿಂದ ಹುಟ್ಟುತ್ತದೆ.

ಈ ಸೌಲಭ್ಯವನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಮೂಲದ ಬೆನೆಟ್ ಫಾಡಿ ತೋರಿಸಿದ್ದಾರೆ. ತೊಡೆ, ಮೀನಖಂಡಗಳನ್ನು ಬೇರೆ ಬೇರೆ ಕೀಲಿಗಳಿಂದ ಆಡಿಸಿ ಓಟಗಾರನನ್ನು ಓಡಿಸಬೇಕಾದ 'ಕ್ಯೂಡಬ್ಲ್ಯೂಓಪಿ' (2008) ಅವರದೇ ಕೃತಿ. 2017ರ 'ಗೆಟಿಂಗ್ ಓವರ್ ಇಟ್' ಆಟದಲ್ಲಿ ಸುತ್ತಿಗೆಯೊಂದರ ನೆರವಿನಿಂದ ಬೆಟ್ಟ ಹತ್ತುವವನು ಒಮ್ಮೆ ಜಾರಿದರೆ ಗಂಟೆಗಟ್ಟಲೆ ಶ್ರಮವೆಲ್ಲ ಹೋಗಿ ಬುಡಕ್ಕೇ ಬಂದು ಬೀಳಬಹುದು. ಆದರೂ ಅಲ್ಲಿ ಹೋಗುವುದು ಸಮಯ ಮಾತ್ರ, ಪ್ರಾಣವಲ್ಲ.

ನಿಜಜೀವನದ ಸಾಹಸಗಾರರೂ ಈ ಗುಂಡಿಗಾಗಿ ಪರದಾಡುತ್ತಾರೆ. ಜಿಮ್ನಾಸ್ಟಿಕ್ಸ್ ತರಬೇತಿ ಕೇಂದ್ರಗಳಲ್ಲಿ ಸ್ಪಂಜಿನ ತುಂಡು ತುಂಬಿದ ಗುಂಡಿ ಇರುವುದು, ಸೊಂಟಕ್ಕೆ ಹಗ್ಗ ಕಟ್ಟುವುದು, ಕೋಚ್ ಪಕ್ಕದಲ್ಲೇ ಕೈಯೊಡ್ಡಿ ನಿಲ್ಲುವುದು, ಎಲ್ಲವೂ ಬಿದ್ದವರು ಮತ್ತೆ ಎದ್ದು ಆರಂಭಿಸಲಿ ಎಂದೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ಅತ್ಯಂತ ಅಪಾಯಕಾರಿಯೆನಿಸಿದ 'ಪ್ರೊಡುನೊವಾ' ಎರಡು ಸುತ್ತಿನ ಲಾಗವನ್ನು ಪ್ರದರ್ಶಿಸಿ 15.066 ಅಂಕಗಳೊಡನೆ ನಾಲ್ಕನೇ ಸ್ಥಾನ ಗಳಿಸಿದರು; ಕಂಚು ತಪ್ಪಿದ್ದು 0.15 ಅಂಕದಿಂದ. ಆ ಕೆಲವೇ ಸೆಕೆಂಡುಗಳ ಹಿಂದೆ ವರ್ಷಗಳ ಮೆತ್ತನೆಯ ಬೀಳುಗಳಿದ್ದವು.

ಡಾಂಬರಿನ ಮೇಲೆ ಅದೇ ನಿಯಮ

ಮೇಲಿನ ಮಾತುಗಳು ಕೇವಲ ಆಟದ ಚರ್ಚೆಯಾಗಿ ಉಳಿಯದಿರಲು ಕೊಪ್ಪಳ ಜಿಲ್ಲೆಯದೇ ಒಂದು ಪ್ರಕರಣ ಕಾರಣ. 2024ರ ಅಕ್ಟೋಬರ್‌ನಲ್ಲಿ ಗಂಗಾವತಿ ಭಾಗದಲ್ಲಿ ಬೈಕ್ ವ್ಹೀಲಿಂಗ್ ಮಾಡುತ್ತಿದ್ದವರನ್ನು ತಡೆದ ಪೊಲೀಸರ ಮೇಲೆ ಹಲ್ಲೆ ನಡೆಯಿತೆಂಬ ಆರೋಪದ ಮೇರೆಗೆ ಪ್ರಕರಣ ದಾಖಲಾಗಿತ್ತು. ಆರೋಪಿಯೊಬ್ಬರ ಜಾಮೀನು ಅರ್ಜಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದಾಗ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಅದನ್ನು ತಿರಸ್ಕರಿಸಿದರು. 2025ರ ಮೇ ತಿಂಗಳಲ್ಲಿ ಸುದ್ದಿಯಾದ ಆ ಆದೇಶದಲ್ಲಿ, ಒಂದು ಕಾಲಕ್ಕೆ ನಗರಗಳಿಗೆ ಸೀಮಿತವಾಗಿದ್ದ ಈ ಪಿಡುಗು ಗ್ರಾಮೀಣ ಭಾಗಕ್ಕೂ ಹಬ್ಬಿದೆ, ಮೋಟಾರು ವಾಹನ ಕಾಯ್ದೆ ರೂಪಿಸುವಾಗ ದ್ವಿಚಕ್ರ ವಾಹನವನ್ನು ಹಿಂದಿನ ಒಂದೇ ಚಕ್ರದ ಮೇಲೆ ಓಡಿಸಬಹುದೆಂದು ಶಾಸನ ರಚಿಸಿದವರು ಊಹಿಸಿರಲಿಲ್ಲ, ಆದ್ದರಿಂದ ಸರ್ಕಾರ ಕಠಿಣ ಕಾನೂನು ತರಬೇಕು ಎಂಬ ಆಶಯ ವ್ಯಕ್ತವಾಗಿತ್ತು. ಹುಲಿಹೈದರವೂ ಕನಕಗಿರಿ ತಾಲ್ಲೂಕು ರಚನೆಯಾಗುವವರೆಗೆ ಇದೇ ಗಂಗಾವತಿ ತಾಲ್ಲೂಕಿಗೆ ಸೇರಿತ್ತು ಎಂಬುದು ಇಲ್ಲಿ ಉಲ್ಲೇಖಾರ್ಹ.

ಇದಕ್ಕೂ ಮೊದಲು, 2024ರ ಆಗಸ್ಟ್‌ನಲ್ಲಿ, ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲದ ಬಳಿ ವ್ಹೀಲಿಂಗ್ ಮಾಡುತ್ತಿದ್ದವರ ಮೇಲೆ ರೊಚ್ಚಿಗೆದ್ದ ಸಾರ್ವಜನಿಕರು ಎರಡು ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದಿದ್ದರು. ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿ ಭೇಷ್ ಎಂದವರೇ ಹೆಚ್ಚು. ಕೆಳಗಿನ ರಸ್ತೆಯಲ್ಲಿ ಯಾರಾದರೂ ಹೋಗುತ್ತಿದ್ದರೆ ಏನು ಗತಿ ಎಂದು ಕೇಳಿದವರು ಕಡಿಮೆ.

ಆಟ ಆಡಿದ್ದರಿಂದಲೇ ಹುಡುಗರು ವ್ಹೀಲಿಂಗಿಗೆ ಇಳಿಯುತ್ತಾರೆ ಎನ್ನುವುದು ಸರಿಯಾಗದು. ಮೊಬೈಲ್ ಆಟ ಬರುವ ಮುನ್ನವೇ, ಯಮಹಾ ಆರ್‌ಎಕ್ಸ್ 100 ಕಾಲೇಜು ಹುಡುಗರ ಕನಸಾಗಿದ್ದ ಕಾಲದಲ್ಲೇ ವ್ಹೀಲಿಂಗ್ ಇತ್ತು. 1985ರಿಂದ 1996ರವರೆಗೆ ತಯಾರಾದ ಆ 98 ಸಿಸಿ ಬೈಕಿನ ಹಗುರ ಮೈ ಮತ್ತು ಚುರುಕು ಎಂಜಿನು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಆಟ ಮಾಡುವುದು ಬೇರೆಯದೇ ಕೆಲಸ: ಅದು ಸಮತೋಲದ ಲೆಕ್ಕವನ್ನು ನಿಜದಂತೆಯೇ ಕಲಿಸಿ, ಬೀಳಿನ ಲೆಕ್ಕವನ್ನು ಸಂಪೂರ್ಣ ಮುಚ್ಚಿಡುತ್ತದೆ.

ಮೊದಲಿಗೆ ಸಮತೋಲದ ಲೆಕ್ಕ ನೋಡೋಣ. ಸವಾರ ಮತ್ತು ಬೈಕಿನ ಒಟ್ಟು ಗುರುತ್ವ ಕೇಂದ್ರವು ಹಿಂದಿನ ಚಕ್ರ ನೆಲ ಮುಟ್ಟುವ ಬಿಂದುವಿನಿಂದ 60 ಸೆಂ.ಮೀ. ಮುಂದೆ, 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಎಂಜಿನಿನ ಬಲದಿಂದಲೇ ಮುಂಚಕ್ರ ಏಳಬೇಕಾದರೆ ವೇಗೋತ್ಕರ್ಷ ಗುರುತ್ವಕ್ಕೆ ಸಮವಾಗಿರಬೇಕು. ಅಂದರೆ ಪ್ರತಿ ಸೆಕೆಂಡಿಗೆ ಗಂಟೆಗೆ 35 ಕಿ.ಮೀ.ನಷ್ಟು ವೇಗ ಏರಬೇಕು. ದಿನಬಳಕೆಯ 100 ಸಿಸಿ ಬೈಕಿಗೆ ಇದು ಅಸಾಧ್ಯ. ಆದರೆ ಸವಾರ ಹಿಂದಕ್ಕೆ ಜರುಗಿ, ಬೆನ್ನ ಹಿಂದೆ ಇನ್ನೊಬ್ಬ ಕುಳಿತನೆಂದರೆ ಗುರುತ್ವ ಕೇಂದ್ರ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಅದು 40 ಸೆಂ.ಮೀ. ಮುಂದೆ, 70 ಸೆಂ.ಮೀ. ಎತ್ತರಕ್ಕೆ ಬಂದರೆ ಸೆಕೆಂಡಿಗೆ 20 ಕಿ.ಮೀ. ವೇಗದ ಏರಿಕೆಯೇ ಸಾಕು. ಹಿಂಬದಿಯಲ್ಲಿ ಗೆಳೆಯರನ್ನು ಕೂರಿಸಿಕೊಂಡ ಬೈಕು ಏರಿನಲ್ಲಿ ಸವಾರ ಬಯಸದೆಯೇ ಮುಂಚಕ್ರ ಎತ್ತಿ ಮಗುಚುವುದಕ್ಕೆ ಇದೇ ಕಾರಣ.

ಮುಂಚಕ್ರ ಎದ್ದ ಮೇಲೆ ಬೈಕು ನೆಲದೊಡನೆ ಹೊಂದಿರುವ ಸಂಪರ್ಕ ಒಂದೇ ಟೈರಿನ, ಅಂಗೈಗಿಂತ ಚಿಕ್ಕದಾದ ಜಾಗ. ಹ್ಯಾಂಡಲ್ ತಿರುಗಿಸಿದರೆ ದಿಕ್ಕು ಬದಲಾಗದು. ಸಾಮಾನ್ಯವಾಗಿ ಬೈಕನ್ನು ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಿಡಿದು ಪ್ರಯೋಜನವಿಲ್ಲ. ರಾತ್ರಿಯಾದರೆ ಹೆಡ್‌ಲೈಟ್ ಬೆಳಗುವುದು ರಸ್ತೆಯನ್ನಲ್ಲ, ಆಕಾಶವನ್ನು. ಎದುರಿನ ಎತ್ತಿನಗಾಡಿ, ಭತ್ತದ ಟ್ರ್ಯಾಕ್ಟರು, ರಸ್ತೆ ದಾಟುವ ಕುರಿಹಿಂಡು ಯಾವುದೂ ಆಟದ ಗೆರೆಯ ಮೇಲೆ ಇರಲಿಲ್ಲ.

ಇನ್ನು ಬೀಳಿನ ಲೆಕ್ಕ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗೋಡೆಗೋ ಮರಕ್ಕೋ ಬಡಿಯುವುದು 6 ಮೀಟರಿಗೂ ಹೆಚ್ಚಿನ ಎತ್ತರದಿಂದ, ಎಂದರೆ ಎರಡು ಅಂತಸ್ತಿನ ಮಾಳಿಗೆಯಿಂದ ಬಿದ್ದುದಕ್ಕೆ ಸಮ. ವೇಗ 60 ಆದರೆ ಎತ್ತರ 14 ಮೀಟರ್ ದಾಟುತ್ತದೆ. ವೇಗ ಒಂದೂವರೆ ಪಟ್ಟಾದರೆ ಪೆಟ್ಟು ಎರಡು ಪಟ್ಟಿಗಿಂತ ಹೆಚ್ಚಾಗುವ ಈ ವರ್ಗದ ಲೆಕ್ಕ ಆಟದ ತಂತ್ರಾಂಶಕ್ಕೂ ಗೊತ್ತು. ಆದರೆ ತಲೆ ನೆಲಕ್ಕೆ ತಾಗಿದೊಡನೆ ಅದು ಲೆಕ್ಕ ನಿಲ್ಲಿಸಿ ಬಾವುಟದ ಬಳಿಗೆ ಮರಳುತ್ತದೆ.

ಯಲಹಂಕದ 58 ಮಂದಿ

ಬೈಕ್ ಸಾಹಸವನ್ನು ವೃತ್ತಿಯಾಗಿ, ಶಿಸ್ತಾಗಿ ನಡೆಸುವವರು ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನಲ್ಲಿ ನೆಲೆ ಹೊಂದಿರುವ ಭೂಸೇನೆಯ ಆರ್ಮಿ ಸರ್ವಿಸ್ ಕೋರ್‌ನ 'ಟಾರ್ನೆಡೋಸ್' ತಂಡ 1982ರಲ್ಲಿ ಆರಂಭವಾಯಿತು. 2017ರ ನವೆಂಬರ್ 19ರಂದು ಯಲಹಂಕ ವಾಯುನೆಲೆಯಲ್ಲಿ ಈ ತಂಡದ 58 ಮಂದಿ ಒಂದೇ 500 ಸಿಸಿ ರಾಯಲ್ ಎನ್‌ಫೀಲ್ಡ್ ಮೇಲೆ 1200 ಮೀಟರ್ ಸಾಗಿ ವಿಶ್ವದಾಖಲೆ ಬರೆದರು. ಗಮನಿಸಬೇಕಾದ ಅಂಶವೆಂದರೆ ಆ ದಾಖಲೆಯಲ್ಲಿ ಎರಡೂ ಚಕ್ರಗಳು ನೆಲದ ಮೇಲೆಯೇ ಇದ್ದವು. 58 ಜನರ ತೂಕವನ್ನು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಹಂಚಿ, ಗುರುತ್ವ ಕೇಂದ್ರ ಎರಡು ಚಕ್ರಗಳ ನಡುವಿನಿಂದ ಕದಲದಂತೆ ನೋಡಿಕೊಳ್ಳುವುದೇ ಅಲ್ಲಿನ ಸಾಹಸ. ನಡೆದದ್ದು ಸಾರ್ವಜನಿಕ ರಸ್ತೆಯಲ್ಲಲ್ಲ.

ಎಷ್ಟೇ ಸಿದ್ಧತೆಯಿದ್ದರೂ ಅಪಾಯ ಪೂರ್ತಿ ತಪ್ಪದು ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆಯಿದೆ. ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯನೆಂಬ ಹಿರಿಮೆ 2015ರಲ್ಲಿ ಸಿ.ಎಸ್. ಸಂತೋಷ್ ಅವರದಾಯಿತು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ರ‍್ಯಾಲಿಯಲ್ಲಿ ಅವರು ಬಿದ್ದರು. ತಲೆಗೆ ಪೆಟ್ಟಾದ ಅವರನ್ನು ಹೆಲಿಕಾಪ್ಟರ್‌ನಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಿ, ವೈದ್ಯರು ಔಷಧದ ಮೂಲಕ ಕೆಲಕಾಲ ಪ್ರಜ್ಞಾಹೀನ ಸ್ಥಿತಿಯಲ್ಲಿರಿಸಿ ಚಿಕಿತ್ಸೆ ನೀಡಬೇಕಾಯಿತು. ಅಲ್ಲಿ ಹೆಲ್ಮೆಟ್ ಇತ್ತು, ಎದೆಗವಚವಿತ್ತು, ಹೆಲಿಕಾಪ್ಟರೂ ಇತ್ತು.

ಕಾನೂನು ಏನನ್ನುತ್ತದೆ

ವ್ಹೀಲಿಂಗ್ ಎಂಬ ಹೆಸರಿನ ಪ್ರತ್ಯೇಕ ಅಪರಾಧ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲದಿರುವುದನ್ನೇ ಹೈಕೋರ್ಟ್ ಎತ್ತಿ ತೋರಿಸಿದ್ದು. ಪೊಲೀಸರು ಸಾಮಾನ್ಯವಾಗಿ ಆಶ್ರಯಿಸುವುದು ಅಪಾಯಕಾರಿ ಚಾಲನೆಗೆ ಸಂಬಂಧಿಸಿದ 184ನೇ ಕಲಮನ್ನು. 2019ರ ತಿದ್ದುಪಡಿಯ ಪ್ರಕಾರ ಮೊದಲ ಬಾರಿಯ ತಪ್ಪಿಗೆ ಆರು ತಿಂಗಳಿನಿಂದ ಒಂದು ವರ್ಷದ ಸೆರೆವಾಸ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮರುಕಳಿಸಿದರೆ ಶಿಕ್ಷೆ ಎರಡು ವರ್ಷದವರೆಗೆ, ದಂಡ 10,000 ರೂಪಾಯಿ. ಜೊತೆಗೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಸಾರ್ವಜನಿಕ ರಸ್ತೆಯಲ್ಲಿನ ದುಡುಕಿನ ಚಾಲನೆಗೆ ಅನ್ವಯಿಸುತ್ತದೆ. ಇವೆಲ್ಲ ಜಾಮೀನು ಸಿಗುವ ಅಪರಾಧಗಳು. ಠಾಣೆಯಿಂದ ಬಿಡಿಸಿಕೊಂಡು ಬಂದ ಸಂಜೆಯೇ ಮತ್ತೆ ಬೈಕು ಎತ್ತುವವರಿಗೆ ಇದು ತಿಳಿಯದ ಸಂಗತಿಯೇನಲ್ಲ.

ಪಾಲಕರಿಗೆ ಅಷ್ಟಾಗಿ ತಿಳಿಯದಿರುವುದು 199ಎ ಕಲಮು. ಹದಿನೆಂಟು ತುಂಬದ ಹುಡುಗ ಬೈಕು ಓಡಿಸಿ ತಪ್ಪು ಮಾಡಿದರೆ ಪಾಲಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರೆಂದು ಕಾಯ್ದೆ ಭಾವಿಸುತ್ತದೆ. ತಮಗೆ ಗೊತ್ತಿಲ್ಲದೆ ನಡೆಯಿತು, ಅಥವಾ ತಡೆಯಲು ತಕ್ಕಷ್ಟು ಎಚ್ಚರ ವಹಿಸಿದ್ದೆವು ಎಂದು ಸಾಬೀತುಪಡಿಸುವ ಹೊಣೆಯೂ ಅವರದೇ. ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ.